ನಮ್ಮೋರ ಮುಖದ ಕಪ್ಪು ಸರಿಯಾಗಿ ಅಚ್ಚಾಗಲಿ

ಇವತ್ತು ಪ್ರಿಂಟರ್ ಬಗ್ಗೆ ಬರೀತಿದೀನಿ. ಇವ್ನು ಚಳವಳಿ ಬಿಟ್ಟು ಪ್ರಿಂಟರ್ ಮಾರೋಕೆ ನಿಂತ್ನಾ ಅಂದ್ಕೋಬೇಡಿ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ಹೋದ ವರ್ಷ ಏಪ್ರಿಲ್ 14ಕ್ಕೆ ನಮ್ಮ ಕೇರಿಯ ಅಂಬೇಡ್ಕರ್ ಭವನದಲ್ಲಿ ಹಳೇ ಫೋಟೋ ಹಾಕೋಣ ಅಂತ ಹುಡುಗರು ಹೊರಟ್ರು. ಎಂಬತ್ತರ ದಶಕದ ಜಾಥಾ, ಧರಣಿ, ಸಭೆಗಳ ಫೋಟೋಗಳು. ಎಲ್ಲಾ ಕಪ್ಪು ಬಿಳುಪು, ಅಂಗೈಯಗಲದವು. ಟ್ರಂಕಲ್ಲಿ ಸೀರೆ ಕೆಳಗಿದ್ದ ಇವನ್ನ ಹುಡುಕಿ ತೆಗೆದು, ದೊಡ್ಡದು ಮಾಡಿಸೋಕೆ ಒಂದು ಸ್ಟುಡಿಯೋಗೆ ಕೊಟ್ವಿ.

ಬಂದ ಪ್ರಿಂಟ್‌ಗಳಲ್ಲಿ ಮುಂದಿನ ಸಾಲಲ್ಲಿ ಕೂತಿದ್ದ ನಮ್ಮ ದೊಡ್ಡಪ್ಪ ಬೆಳ್ಳಗಾಗಿಬಿಟ್ಟಿದ್ರು. ಹಿಂದಿನ ಸಾಲಿನ ಹೆಂಗಸರ ಮುಖ ಮಸಿ ಬಳಿದಂಗೆ ಆಗಿ ಕಣ್ಣು, ಹಲ್ಲು ಬಿಟ್ರೆ ಏನೂ ಕಾಣಲಿಲ್ಲ. ಜೊತೆಗೆ ಇಡೀ ಫೋಟೋಗೆ ಹಸಿರು ಛಾಯೆ. ಕೇಳಿದ್ರೆ ಸ್ಟುಡಿಯೋ ಹುಡುಗ, 'ಮುಂದಿರೋರ ಫೇಸ್ ತುಂಬಾ ಡಾರ್ಕ್ ಇತ್ತಣ್ಣ, ನಾನೇ ಬ್ರೈಟ್ ಮಾಡ್ದೆ' ಅಂದ. ಒಳ್ಳೇದು ಮಾಡಿದೀನಿ ಅಂತಲೇ ಅವನ ನಂಬಿಕೆ.

ದೊಡ್ಡಮ್ಮ ಆ ಫೋಟೋನ ಕಣ್ಣ ಹತ್ರ ಹಿಡಿದು, 'ಇದ್ಯಾರು ಮಗಾ?' ಅಂದ್ರು.

ದೊಡ್ಡಪ್ಪನ ಹಣೆ ಮೇಲೆ ಒಂದು ಗಾಯದ ಗುರುತಿತ್ತು. ಹೋಟೆಲ್ ಒಳಗೆ ಕೂತು ಟೀ ಕೇಳಿದ್ದಕ್ಕೆ ಬಿದ್ದ ಏಟು. ಮುಖ ಬೆಳ್ಳಗೆ ಮಾಡುವಾಗ ಆ ಗುರುತೂ ಹೋಗಿತ್ತು. ಆ ಏಟಿಗೆ ಕೇಸ್ ಆಗಲಿಲ್ಲ, ಕಾಗದದಲ್ಲೆಲ್ಲೂ ದಾಖಲೆ ಇಲ್ಲ. ಇದ್ದ ಒಂದೇ ದಾಖಲೆ ಆ ಫೋಟೋ.

ಹುಡುಗನ ಮೇಲೆ ಕೂಗಾಡಿ ಪ್ರಯೋಜನ ಇಲ್ಲ. ಬಿಳಿ ಮುಖವನ್ನೇ ಅಳತೆಗೋಲು ಮಾಡ್ಕೊಂಡಿದ್ದು ಫೋಟೋ ಲೋಕದ ಹಳೇ ಚಾಳಿ. ಕಲರ್ ಫಿಲ್ಮ್ ಕಾಲದಲ್ಲಿ ಕೊಡಾಕ್ ಕಂಪನಿ ಲ್ಯಾಬ್‌ಗಳಿಗೆ 'ಶರ್ಲಿ ಕಾರ್ಡ್' ಅಂತ ಕಳಿಸ್ತಿತ್ತು. ಅದರಲ್ಲಿದ್ದದ್ದು ಒಬ್ಬ ಬಿಳಿ ಹೆಂಗಸಿನ ಫೋಟೋ. ಅವಳ ಚರ್ಮ ಸರಿಯಾಗಿ ಬಂದ್ರೆ ಮೆಷಿನ್ ಸರಿ ಇದೆ ಅಂತ ಲೆಕ್ಕ. ಕಪ್ಪು ಜನರ ಮುಖ ಹೇಗೆ ಬರುತ್ತೆ ಅಂತ ಬಹಳ ಕಾಲ ಯಾರೂ ತಲೆ ಕೆಡಿಸ್ಕೊಳ್ಳಲಿಲ್ಲ. ಇವತ್ತೂ 'ಆಟೋ ಕರೆಕ್ಟ್' ಒತ್ತಿದ್ರೆ ಕಪ್ಪು ಮುಖವನ್ನ ತಪ್ಪು ಅಂತ ತಿಳಿದು ತಿದ್ದೋಕೆ ಹೋಗುತ್ತೆ.

ನಾನು ಆಫೀಸಲ್ಲಿ ದಿನಾ ನೂರಾರು ಹಾಳೆ ಪ್ರಿಂಟ್ ತೆಗೆಯೋ ಗುಮಾಸ್ತ. ಆದ್ರೂ ಫೋಟೋ ಪ್ರಿಂಟಿಂಗ್ ಬೇರೆ ವಿದ್ಯೆ ಅಂತ ಗೊತ್ತಾಗಿದ್ದು ಆಮೇಲೆ. ಕಲಿತದ್ದನ್ನ ಹೇಳ್ತೀನಿ.

ಸಾಮಾನ್ಯ ಇಂಕ್‌ಜೆಟ್‌ನಲ್ಲಿ ನಾಲ್ಕೇ ಇಂಕ್: ಕಪ್ಪು, ನೀಲಿ, ಗುಲಾಬಿ, ಹಳದಿ. ಕಪ್ಪು ಬಿಳುಪು ಫೋಟೋದಲ್ಲಿ ಬೇಕಾದ ಬೂದು ಬಣ್ಣವನ್ನ ಅದು ಕಲರ್ ಬೆರೆಸಿ ಮಾಡುತ್ತೆ. ಬೆರಕೆ ಚೂರು ಏರುಪೇರಾದ್ರೆ ಹಸಿರು ಅಥವಾ ಕೆಂಪು ಛಾಯೆ ಬರುತ್ತೆ. ಟ್ಯೂಬ್‌ಲೈಟ್ ಕೆಳಗೆ ಒಂಥರಾ, ಬಿಸಿಲಲ್ಲಿ ಇನ್ನೊಂಥರಾ ಕಾಣುತ್ತೆ. ಬರೀ ಕಪ್ಪು ಇಂಕಲ್ಲೇ ತೆಗೆದ್ರೆ ತಿಳಿ ಜಾಗದಲ್ಲಿ ಚುಕ್ಕಿ ಚುಕ್ಕಿ ಕಾಣುತ್ತೆ.

ಅದಕ್ಕೇ ಅಂಗಡೀಲಿ ಮೊದಲು ಕೇಳಬೇಕಾದ್ದು: ಇದರಲ್ಲಿ ಗ್ರೇ ಇಂಕ್ ಇದೆಯಾ? ಆರು ಕಲರ್ ಅಂದ ತಕ್ಷಣ ಮರುಳಾಗಬೇಡಿ. ಎಪ್ಸನ್ ಎಲ್8050ರಲ್ಲಿ ಆರು ಇಂಕ್ ಇದೆ, ಆದ್ರೆ ಹೆಚ್ಚಿನ ಎರಡು ತಿಳಿ ನೀಲಿ, ತಿಳಿ ಗುಲಾಬಿ. ಕಲರ್ ಫೋಟೋಗೆ ಚೆನ್ನ, ನಮ್ಮ ಕೆಲಸಕ್ಕೆ ಅಲ್ಲ. ಎಪ್ಸನ್ ಎಲ್8160, ಎಲ್8180, ಕ್ಯಾನನ್ ಜಿ570, ಜಿ670 ಇವುಗಳಲ್ಲಿ ಒಂದು ಗ್ರೇ ಇಂಕ್ ಇದೆ. ಇವೆಲ್ಲ ಟ್ಯಾಂಕಿನವು, ಬಾಟಲಿಯಿಂದ ಇಂಕ್ ತುಂಬಿಸಬಹುದು. ಇನ್ನೂ ಮೇಲೆ ಎಪ್ಸನ್ ಪಿ700 ತರದವು ಇವೆ, ಅದರಲ್ಲಿ ಎರಡು ಗ್ರೇ. ಬಹಳ ವರ್ಷ ಬಾಳೋ ಪಿಗ್ಮೆಂಟ್ ಇಂಕ್ ಅದು. ಆದ್ರೆ ಕಾರ್ಟ್ರಿಜ್ ಖರ್ಚು ನಮ್ಮಂಥ ಸಂಘಗಳಿಗೆ ಭಾರ. ಟ್ಯಾಂಕ್ ಪ್ರಿಂಟರ್‌ಗಳ ಫೋಟೋ ಇಂಕ್ ಡೈ, ಬೆಳಕಿಗೆ ಬೇಗ ಮಾಸುತ್ತೆ. ಗಾಜಿನ ಫ್ರೇಮ್ ಹಾಕಿ, ಬಿಸಿಲು ಬೀಳೋ ಗೋಡೆಗೆ ಹಾಕಬೇಡಿ.

ಎರಡನೇದು, ಅಂಗಡಿಯವರು ತೋರಿಸೋ ಹೂವು, ಗಿಳಿ ಸ್ಯಾಂಪಲ್ ನೋಡಿ ಒಪ್ಪಬೇಡಿ. ಪೆನ್‌ಡ್ರೈವಲ್ಲಿ ನಿಮ್ಮಜ್ಜಿ ಫೋಟೋ ತಗೊಂಡ್ಹೋಗಿ. ಜೊತೆಗೆ ಬಿಳಿಯಿಂದ ಕಪ್ಪಿನವರೆಗೆ ಶೇಕಡಾ 5ರಂತೆ ಏರೋ ಗ್ರೇ ಪಟ್ಟಿ ಒಂದು. ಪ್ರಿಂಟಲ್ಲಿ 85, 90, 95, 100 ಬೇರೆ ಬೇರೆ ಕಾಣಬೇಕು. ಎಲ್ಲಾ ಒಂದೇ ಕಪ್ಪಾದ್ರೆ ಆ ಮೆಷಿನ್ ಅಥವಾ ಸೆಟ್ಟಿಂಗ್ ನಮಗಲ್ಲ. ನಮ್ಮೋರ ಕೆನ್ನೆ ಸುಕ್ಕು, ಹುಬ್ಬು, ಹಣೆ ಗಾಯ ಎಲ್ಲಾ ಇರೋದು ಆ ಕಪ್ಪುಗಳ ನಡುವೇನೇ.

ಮೂರನೇದು, ಆಟೋ ಕರೆಕ್ಟ್ ಆಫ್ ಮಾಡಿ. ಹಾಕಿರೋ ಪೇಪರ್ ಯಾವುದೋ ಸೆಟ್ಟಿಂಗಲ್ಲೂ ಅದನ್ನೇ ಆರಿಸಿ, ಇಲ್ಲಾಂದ್ರೆ ಇಂಕ್ ಜಾಸ್ತಿ ಬಿದ್ದು ಮುಖ ಮುಚ್ಚಿಹೋಗುತ್ತೆ. 3x4 ಇಂಚಿನ ಫೋಟೋನ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದ್ರೆ 6x8 ಇಂಚಿಗೆ ಚೆನ್ನಾಗಿ ಬರುತ್ತೆ.

ಕೊನೇದು, ಇಂಕ್‌ಜೆಟ್‌ನ ಸುಮ್ನೆ ಇಟ್ರೆ ಇಂಕ್ ಒಣಗಿ ಹೆಡ್ ಕಟ್ಟಿಕೊಳ್ಳುತ್ತೆ. ಜಯಂತಿಗೊಂದ್ಸಲ ಮಾತ್ರ ಆನ್ ಮಾಡಿದ್ರೆ ಹಾಳಾಗುತ್ತೆ. ವಾರಕ್ಕೊಂದು ಪ್ರಿಂಟ್ ತೆಗೀಲೇಬೇಕು. ಇದೂ ಒಳ್ಳೇದೇ. ಹಿರಿಯರ ನೆನಪನ್ನೂ ವರ್ಷಕ್ಕೊಂದ್ಸಲ ಆನ್ ಮಾಡಿ ಆಫ್ ಮಾಡೋ ಅಭ್ಯಾಸ ನಮಗಾಗಿದೆ.

ಈಗ ನನ್ನ ತಕರಾರು. ಪ್ರತಿ ಏಪ್ರಿಲ್‌ನಲ್ಲಿ ಊರ ತುಂಬ ಫ್ಲೆಕ್ಸ್ ಕಟ್ತೀವಿ. ಬಾಬಾಸಾಹೇಬರ ಪಕ್ಕ ನಮ್ಮ ಮುಖ, ಅದನ್ನೂ ಬೆಳ್ಳಗೆ ಮಾಡಿಸ್ಕೊಂಡು. ಹದಿನೈದು ದಿನಕ್ಕೆ ಅದು ಯಾರದೋ ಕೊಟ್ಟಿಗೆ ಸೂರಾಗುತ್ತೆ. ಆ ದುಡ್ಡಲ್ಲಿ ಒಂದು ಪಾಲು ತೆಗೆದಿಡಿ. ಮೂರ್ನಾಲ್ಕು ಕೇರಿಯ ಸಂಘ ಸೇರಿದ್ರೆ ಒಂದು ಗ್ರೇ ಇಂಕ್ ಪ್ರಿಂಟರ್ ಬರುತ್ತೆ. ಅದಕ್ಕೆ ಇಬ್ಬರು ಹುಡುಗೀರು, ಇಬ್ಬರು ಹುಡುಗರನ್ನ ತಯಾರು ಮಾಡಿ. ನಮ್ಮ ಮುಖ ಹೇಗೆ ಕಾಣಬೇಕು ಅನ್ನೋ ತೀರ್ಮಾನ ನಮ್ಮ ಕೈಲಿರಲಿ.

ನಾವು ಎಂಟು ಜನ ದುಡ್ಡು ಹಾಕಿ ಒಂದು ತಗೊಂಡ್ವಿ. ಮೊದಲ ಎರಡು ಹಾಳೆ ಕೆಟ್ಟವು. ಮೂರನೇದನ್ನ ದೊಡ್ಡಮ್ಮನ ಕೈಗೆ ಕೊಟ್ವಿ. ಏನೂ ಮಾತಾಡಲಿಲ್ಲ. ಹೆಬ್ಬೆರಳಲ್ಲಿ ಹಣೆ ಹತ್ರ ಒಂದ್ಸಲ ಸವರಿದ್ರು.

ನಿಮ್ಮನೆ ಟ್ರಂಕ್ ಇವತ್ತೇ ತೆಗೀರಿ. ಗೆದ್ದಲು ಕಾಯೋದಿಲ್ಲ. ಜೈ ಭೀಮ್.