ನೀರು ಯಾವಾಗ ಬರುತ್ತದೆ?

ಚನ್ನರಾಯಪಟ್ಟಣದಿಂದ ದಂಡಿಗನಹಳ್ಳಿ ಕಡೆಗೆ ಹೋಗುವ ಬಸ್ಸಿನಲ್ಲಿ ಮುಂದಿನ ಸೀಟಿನವರ ಮಾತು ಕಿವಿಗೆ ಬಿತ್ತು. ನ್ಯೂಜಿಲೆಂಡಿನ ಯಾವುದೋ ದೋಣಿ ವರ್ಕ್‌ಶಾಪಿನಲ್ಲಿ ಕೆಲಸಕ್ಕಿರುವ ಹುಡುಗ ಹಬ್ಬಕ್ಕೆ ಬಂದಿದ್ದ. ‘ಸಣ್ಣ ಜೆಟ್ ಬೋಟು ದೊಡ್ಡಪ್ಪ, ಒಳಕ್ಕೆ ನೀರು ಬತ್ತದೆ. ಅಲ್ಲಲ್ಲಿ ಸೀಲೆಂಟ್ ಹಚ್ಚಿ ನೋಡುದ್ವಿ, ನಿಲ್ನಿಲ್ಲ. ಎಲ್ಲಿಂದ ಬತ್ತದೆ ಅಂತ್ಲೇ ಗೊತ್ತಾಗ್ನಿಲ್ಲ.’ ಹಿರಿಯರು ಒಂದು ಕಾಲಕ್ಕೆ ಹೇಮಾವತಿಯಲ್ಲಿ ಹರಿಗೋಲು ಹಾಕುತ್ತಿದ್ದವರೆಂದು ಮಾತಿನಿಂದಲೇ ತಿಳಿಯಿತು. ಅವರು ಕೇಳಿದರು: ‘ನಿಂತಿದ್ದಾಗ್ಲೂ ಬತ್ತದೋ, ಓಡುವಾಗ ಮಾತ್ರವೋ? ಬರಿದಾಗಿದ್ದಾಗ್ಲೋ, ಜನ ಕೂತ ಮ್ಯಾಲೋ?’ ಉತ್ತರ ಬರುವ ಮೊದಲೇ ಅವರು ಇಳಿಯುವ ಸ್ಥಳ ಬಂತು.

ಹರಿಗೋಲಿನ ಹೆಸರೆತ್ತಿದರೆ ನನ್ನ ಲೇಖನಿ ಚರಿತ್ರೆಯತ್ತ ಓಡುತ್ತದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಬಳಿ ತುಂಗಭದ್ರೆಯನ್ನು ದಾಟಿಸುತ್ತಿದ್ದ ದುಂಡು ದೋಣಿಗಳನ್ನು ವರ್ಣಿಸಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು. ಹದಿನೈದಿಪ್ಪತ್ತು ಜನರನ್ನು ಹೊರುವ ಇವು ನೇರ ಹೋಗದೆ ಸುತ್ತುತ್ತಲೇ ಸಾಗುತ್ತವೆ ಎನ್ನುತ್ತಾನೆ. ಅವನಿಗಿಂತ ಸುಮಾರು ಎರಡು ಸಾವಿರ ವರ್ಷ ಹಿಂದೆ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಯೂಫ್ರೆಟಿಸ್ ನದಿಯಲ್ಲಿ ಇಂಥದೇ ತೊಗಲು ದೋಣಿಗಳು ಬ್ಯಾಬಿಲೋನಿಗೆ ಇಳಿಯುವುದನ್ನು ಬರೆದ. ಸರಕು ಮಾರಿದ ಮೇಲೆ ಹಂದರವನ್ನೂ ಅಲ್ಲೇ ಮಾರಿ, ತೊಗಲನ್ನು ಕತ್ತೆಯ ಮೇಲೆ ಹೇರಿಕೊಂಡು ವರ್ತಕರು ಊರಿಗೆ ಮರಳುತ್ತಿದ್ದರು. ದೋಣಿಯಲ್ಲಿ ಬೆಲೆಬಾಳುವ ಭಾಗ ಯಾವುದು ಎಂಬುದನ್ನು ಆ ಕತ್ತೆಯ ಹೊರೆಯೇ ಹೇಳುತ್ತದೆ: ನೀರನ್ನು ತಡೆಯುವ ಹೊದಿಕೆ.

ಇನ್ನೂ ಹಿಂದಕ್ಕೆ ಹೋದರೆ, ಬ್ರಿಟಿಷ್ ಮ್ಯೂಸಿಯಮ್ಮಿನ ಇರ್ವಿಂಗ್ ಫಿಂಕೆಲ್ ಓದಿ 2014ರಲ್ಲಿ ಪುಸ್ತಕವಾಗಿ ಪ್ರಕಟಿಸಿದ ಮೆಸಪೊಟೇಮಿಯದ ಮಣ್ಣಿನ ಹಲಗೆಯಿದೆ. ಸುಮಾರು 3700 ವರ್ಷ ಹಳೆಯದು. ಪ್ರಳಯಕ್ಕೆ ಕಟ್ಟಬೇಕಾದ ನಾವೆ ಅದರಲ್ಲಿ ದುಂಡಗಿದೆ. ನಮ್ಮ ಹರಿಗೋಲಿನ ಮಹಾರೂಪ. ಹಗ್ಗವೆಷ್ಟು, ಬಳಿಯುವ ಡಾಂಬರೆಷ್ಟು, ಅದರ ದಪ್ಪ ಎಷ್ಟು ಬೆರಳು ಎಂಬ ಲೆಕ್ಕವೂ ಉಂಟು. ಆ ಲೆಕ್ಕವನ್ನು ಅನುಸರಿಸಿ, ಅಳತೆ ಕುಗ್ಗಿಸಿ, ಕೇರಳದ ಹಿನ್ನೀರಿನಲ್ಲಿ ಒಂದು ನಾವೆಯನ್ನು ಕಟ್ಟಿ ತೇಲಿಸಿದರು. ತೇಲಿತು, ಆದರೆ ಸೋರಿತು. ಪಂಪು ಹಾಕಿ ನೀರೆತ್ತಬೇಕಾಯಿತು. ಮೆಸಪೊಟೇಮಿಯದ ಡಾಂಬರಿನ ಗುಣ ಈಗ ಸಿಕ್ಕ ಡಾಂಬರಿಗೆ ಇರಲಿಲ್ಲ.

ಡಾಂಬರಿನ ಚರಿತ್ರೆಯಿಂದ ಸೋರಿಕೆಯ ಚರಿತ್ರೆ ಬರೆದುಬಿಡಬಹುದೆಂದು ಇಲ್ಲಿಯವರೆಗೆ ಬಂದೆ. ಆದರೆ ಬಸ್ಸಿನ ಹಿರಿಯರು ಏನು ಹಚ್ಚಿದೆ ಎಂದು ಕೇಳಲೇ ಇಲ್ಲ. ಎಲ್ಲಿ ತೂತಾಗಿದೆ ಎಂದೂ ಕೇಳಲಿಲ್ಲ. ಯಾವಾಗ ಎಂದು ಕೇಳಿದರು. ಆ ಪ್ರಶ್ನೆಯ ತೂಕ ತಿಳಿಯಬೇಕಾದರೆ ಜೆಟ್ ಬೋಟಿನ ಹೊಟ್ಟೆಯೊಳಗೆ ಇಣುಕಬೇಕು.

ಈ ಬೋಟನ್ನು 1950ರ ದಶಕದಲ್ಲಿ ರೂಪಿಸಿದವರು ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್. ಅಲ್ಲಿನ ಕಲ್ಲುಹಾಸಿನ ತೆಳುನೀರಿನ ಹೊಳೆಗಳಲ್ಲಿ ಕೆಳಗೆ ತಿರುಗುವ ಪಂಖ ಒಡೆದುಹೋಗುತ್ತಿತ್ತು. ಅವರು ಪಂಖವನ್ನು ದೋಣಿಯೊಳಕ್ಕೇ ತಂದರು: ತಳದ ಬಾಯಿಂದ ನೀರು ಹೀರಿ, ಹಿಂದಿನ ಮೂತಿಯಿಂದ ರಭಸವಾಗಿ ಚಿಮ್ಮಿಸಿದರೆ ದೋಣಿ ಮುಂದಕ್ಕೆ ನೆಗೆಯುತ್ತದೆ. 1977ರಲ್ಲಿ ಎಡ್ಮಂಡ್ ಹಿಲರಿ ಗಂಗೆಯನ್ನು ಸಮುದ್ರದಿಂದ ಹಿಮಾಲಯದತ್ತ ಏರಿದ್ದು ಇಂಥ ಬೋಟುಗಳಲ್ಲೇ. ಆದರೆ ಈ ಉಪಾಯದಿಂದ ತಳದಲ್ಲಿ ದೊಡ್ಡ ಬಾಯಿ ತೆರೆದಂತಾಯಿತು. ಅದರ ಅಂಚಿಗೆ ಗ್ಯಾಸ್ಕೆಟ್, ಪಂಪಿನೊಳಕ್ಕೆ ಹೋಗುವ ಶಾಫ್ಟಿಗೆ ಸೀಲು, ಎಂಜಿನ್ ತಂಪಾಗಿಸಲು ನೀರು ಒಯ್ಯುವ ಹೋಸುಗಳು ಬೇಕಾದವು. ಒಂದೊಂದೂ ನೀರು ನುಗ್ಗಬಲ್ಲ ಬಾಗಿಲು. ಯಾವ ಬಾಗಿಲಿಂದ ಬಂದರೂ ನೀರು ತಗ್ಗು ಹುಡುಕಿ ಹಿಂಭಾಗದಲ್ಲೇ ನಿಲ್ಲುತ್ತದೆ. ನಿಂತ ಜಾಗ ನೋಡಿ ಬಂದ ದಾರಿ ಹೇಳಲಾಗದು.

ಹೊತ್ತು ಮಾತ್ರ ಸಾಕ್ಷಿ ಹೇಳುತ್ತದೆ. ಎಂಜಿನ್ ಆಫಾಗಿ ಸುಮ್ಮನೆ ತೇಲುವಾಗಲೂ ನೀರು ಏರಿದರೆ ತಳದ ಬಿರುಕು, ಹಿಂದಿನ ಬಿರಡೆ, ಬಾಯಿಯ ಗ್ಯಾಸ್ಕೆಟ್, ಸವೆದ ಶಾಫ್ಟ್ ಸೀಲು ಇವುಗಳನ್ನು ನೋಡಬೇಕು. ದಡಕ್ಕೆ ಕಟ್ಟಿ ಎಂಜಿನ್ ಓಡಿಸಿದಾಗ ಮಾತ್ರ ಬಂದರೆ ಹೋಸು, ಅದರ ಕ್ಲಾಂಪು, ತಿರುಗುವಾಗ ಬಿಡುವ ಸೀಲು. ವೇಗವಾಗಿ ಹೋದಾಗಷ್ಟೇ ಬಂದರೆ, ಅಲೆಯ ಹೊಡೆತಕ್ಕೆ ಬಾಯಿಬಿಡುವ ಬೆಸುಗೆಯ ಸೀಳು. ಜನ ಕೂತ ಮೇಲೆ ಬಂದರೆ, ಬರಿದಾಗಿದ್ದಾಗ ನೀರಿನ ಮೇಲಿದ್ದು ಭಾರಕ್ಕೆ ದೋಣಿ ತಗ್ಗಿದಾಗ ನೀರಿಗಿಳಿಯುವ ತೂತು. ಹರಿಗೋಲಿನವರ ಎರಡನೆಯ ಪ್ರಶ್ನೆ ಇದಕ್ಕೇ. ಬೋಟನ್ನು ಟ್ರೈಲರಿನ ಮೇಲಿಟ್ಟು ಒರೆಸಿ ಒಣಗಿಸಿ, ಭಾರ ಹೆಚ್ಚಾಗದಂತೆ ಒಳಕ್ಕೆ ಸ್ವಲ್ಪ ನೀರು ಹುಯ್ದು ಹೊರಗಿನಿಂದ ನೋಡುವುದೂ ಒಂದು ಬಗೆ. ಅನುಮಾನದ ಜಾಗದ ಸುತ್ತ ಸೀಮೆಸುಣ್ಣದ ಪುಡಿ ಉದುರಿಸಿದರೆ ನೀರಿನ ಗೆರೆ ಎದ್ದು ಕಾಣುತ್ತದೆ. ಆದರೆ ಒಂದೇ ದಿಕ್ಕಿನ ಒತ್ತಡ ತಡೆಯಲು ಮಾಡಿದ ಸೀಲು ಈ ಪರೀಕ್ಷೆಯಲ್ಲಿ ತನ್ನ ನಿಜ ತೋರಿಸದಿರಬಹುದು. ಅದನ್ನು ನೀರಿನಲ್ಲಿ ಓಡಿಸಿಯೇ ನೋಡಬೇಕು.

ನನಗೆ ಸಿಟ್ಟು ಬರುವುದು ಇಲ್ಲಿ. ನೋಡುವ ಮೊದಲೇ ಬಳಿಯುವ ಚಾಳಿ ನಮ್ಮಲ್ಲಿ ಬಲವಾಗಿದೆ. ತಾರಸಿ ಸೋರಿದರೆ ಬಿಳಿ ಬಣ್ಣ, ನಲ್ಲಿ ಸೋರಿದರೆ ಟೇಪು, ಬೋಟು ಸೋರಿದರೆ ಸೀಲೆಂಟ್. ಬಳಿದ ಮೇಲೆ ಹಳೆಯ ಗುರುತು ಮುಚ್ಚಿಹೋಗುತ್ತದೆ. ಮುಂದೆ ಹುಡುಕುವವನಿಗೆ ಸುಳಿವೇ ಉಳಿಯುವುದಿಲ್ಲ. ಕೆರೆಗಳ ವಿಷಯದಲ್ಲಿ ಇದು ಅಪಾಯಕ್ಕೆ ತಿರುಗುತ್ತದೆ. ಏರಿ ಜಿನುಗುತ್ತಿದೆ ಎಂದರೆ ಒಂದಿಷ್ಟು ಲೋಡು ಮಣ್ಣು ಸುರಿದು, ಮೇಲೆ ಕಂಬಿ ನೆಟ್ಟು ಮುಗಿಸುತ್ತಾರೆ. ತೂಬಿನ ಕಟ್ಟಡ ಮಣ್ಣಿಗೆ ಸೇರುವ ಸಂದಿಯನ್ನು ಯಾರೂ ಬಗ್ಗಿ ನೋಡುವುದಿಲ್ಲ, ನೀರು ಏರಿಯೊಳಗೆ ದಾರಿ ಹುಡುಕುವುದು ಅಲ್ಲೇ ಹೆಚ್ಚು.

ಹರಿಗೋಲಿನವರ ಪ್ರಶ್ನೆಯನ್ನು ಏರಿಗೂ ಕೇಳಿ. ಕೆರೆ ತುಂಬಿದಾಗ ಮಾತ್ರ ಜಿನುಗಿ, ನೀರು ಒಂದು ಮಟ್ಟಕ್ಕೆ ಇಳಿದೊಡನೆ ನಿಂತರೆ, ಏಡಿಯೋ ಹೆಗ್ಗಣವೋ ಕೊರೆದ ಬಿಲ, ಕೊಳೆತ ಬೇರಿನ ಪೊಳ್ಳು ಆ ಮಟ್ಟದ ಆಸುಪಾಸಿನಲ್ಲಿರುವ ಸಂಭವ ಹೆಚ್ಚು. ಎಲ್ಲ ಕಾಲಕ್ಕೂ ಜಿನುಗಿದರೆ ದಾರಿ ತಳದಲ್ಲಿದೆ, ಅಥವಾ ಅದು ಕೆರೆಯ ನೀರೇ ಅಲ್ಲದ ಒರತೆ. ಈ ಅನುಮಾನ ಬಗೆಹರಿಸಲು ಬಣ್ಣ ಹಾಕುವ ವಿದ್ಯೆಯಿದೆ. 1877ರಲ್ಲಿ ಜರ್ಮನಿಯ ಅಡಾಲ್ಫ್ ಕ್ನೋಪ್, ಡ್ಯಾನ್ಯೂಬ್ ನದಿ ನೆಲದೊಳಕ್ಕೆ ಇಂಗುವ ಕಡೆ 10 ಕಿಲೋ ಬಣ್ಣ ಸುರಿದರು. ಎರಡೂವರೆ ದಿನದಲ್ಲಿ ಹನ್ನೆರಡು ಕಿಲೋಮೀಟರ್ ದೂರದ ಆಖ್ ಚಿಲುಮೆ ಹಸಿರಾಗಿ ಹೊಮ್ಮಿತು.

ಏರಿಗೆ ಮೂರನೆಯ ಪ್ರಶ್ನೆಯೂ ಉಂಟು, ದೋಣಿಗೆ ಬೇಡದ್ದು: ಬರುವ ನೀರು ತಿಳಿಯೋ, ಕದಡೋ? ಮಣ್ಣಿನ ಏರಿ ಒಂದಿಷ್ಟು ಜಿನುಗುವುದು ಸಹಜ. ತಿಳಿ ನೀರು ಹೆಚ್ಚದೆ ಬರುತ್ತಿದ್ದರೆ ಕಣ್ಣಿಟ್ಟಿದ್ದರೆ ಸಾಕು. ಕದಡಿದ ನೀರು ಏರಿಯ ಮಣ್ಣನ್ನೇ ಹೊತ್ತು ತರುತ್ತಿದೆ. ಒಳಗಿನ ಪೊಳ್ಳು ಗಳಿಗೆ ಗಳಿಗೆಗೂ ಬೆಳೆಯುತ್ತಿದೆ ಎಂದರ್ಥ. ಗೊರೂರಿನಲ್ಲಿ 1979ರಲ್ಲಿ ಮುಗಿದ ಹೇಮಾವತಿ ಅಣೆಕಟ್ಟಿನಂತೆ ಮಣ್ಣಿನ ಭಾಗವಿರುವ ದೊಡ್ಡ ಕಟ್ಟೆಗಳಲ್ಲಿ ಜಿನುಗನ್ನು ಕಾಲುವೆಗೆ ಕೂಡಿಸಿ, ಕಚ್ಚು ಕೊರೆದ ತಗಡಿನ ಮೇಲೆ ಹಾಯಿಸಿ ಅಳೆದು, ಜಲಾಶಯದ ಮಟ್ಟದ ಜೊತೆ ಹೋಲಿಸಿ ನೋಡುವುದು ಎಂಜಿನಿಯರುಗಳ ಪದ್ಧತಿ. ಮಟ್ಟ ಏರದೆ ಜಿನುಗು ಏರಿದರೆ ಅದೇ ಎಚ್ಚರಿಕೆ.

ಊರಿನ ಕೆರೆಗೆ ಇಷ್ಟು ಉಪಕರಣ ಬೇಡ. ನೀರುಗಂಟಿಯ ಕೈಗೆ ಒಂದು ನೋಟ್‌ಬುಕ್ ಕೊಡಿ. ದಿನಾಂಕ, ತೂಬಿನ ಕಲ್ಲಿನ ಬಳಿ ನೀರಿನ ಮಟ್ಟ, ಏರಿ ಬುಡದಲ್ಲಿ ಒಂದು ಬಿಂದಿಗೆ ತುಂಬಲು ಹಿಡಿಯುವ ಹೊತ್ತು, ನೀರಿನ ಬಣ್ಣ: ನಾಲ್ಕು ಕಾಲಂ ಸಾಕು. ಒಂದು ಮಳೆಗಾಲ ಬರೆದಿಟ್ಟರೆ ಏರಿಯ ಯಾವ ಭಾಗವನ್ನು ಅಗೆದು ಗಟ್ಟಿಸಬೇಕೆಂಬುದು ಗೊತ್ತಾಗುತ್ತದೆ. ಅಲ್ಲಿಯವರೆಗೆ ಒಂದು ಲೋಡು ಮಣ್ಣನ್ನೂ ಸುರಿಯಬೇಡಿ. ನೀರು ಕದಡಿ ಬಂದ ದಿನ ಮಾತ್ರ ಕಾಯದೆ ತೂಬೆತ್ತಿ ಮಟ್ಟ ಇಳಿಸಿ, ಎಂಜಿನಿಯರನ್ನು ಕರೆಸಿ.