ಸಂಶೋಧನೆಯ ಹಾದಿ ಮತ್ತು ಮನೆಯ ಲೆಕ್ಕ

ಪುಣೆಯಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಮಗಳೊಬ್ಬಳು ವಿದೇಶಕ್ಕೆ ಹೋಗಿ ಜೀವವೈದ್ಯಕೀಯ ಸಂಶೋಧನೆ ಮಾಡುವೆನೆಂದರೆ ಹಿರಿಯರು ಕೇಳುವುದು ಮೂರು ಪ್ರಶ್ನೆ: ಖರ್ಚೆಷ್ಟು? ಸಂಬಳ ಎಂದಿನಿಂದ? ಮದುವೆ ಯಾವಾಗ? ಪ್ರಶ್ನೆಗಳು ತಪ್ಪಲ್ಲ; ಉತ್ತರಗಳು ಮಾತ್ರ ಅನೇಕ ವೇಳೆ ತಪ್ಪು ಲೆಕ್ಕದ ಮೇಲೆ ನಿಂತಿರುತ್ತವೆ.

ಮರಾಠಿ ಲೇಖಕಿ ದುರ್ಗಾ ಭಾಗವತರ ತಂಗಿ ಕಮಲಾ, ಮುಂದೆ ಕಮಲಾ ಸೊಹೊನಿ ಎಂದು ಹೆಸರಾದವರು, 1933ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಪದವಿ ಪಡೆದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಹೆಣ್ಣೆಂಬ ಕಾರಣಕ್ಕೆ ನಿರ್ದೇಶಕ ಸರ್ ಸಿ. ವಿ. ರಾಮನ್ ನಿರಾಕರಿಸಿದರು. ಆಕೆ ಪಟ್ಟು ಬಿಡದೆ, ಒಂದು ವರ್ಷದ ಪರೀಕ್ಷಾವಧಿಗೆ ಒಪ್ಪಿ ಒಳಹೊಕ್ಕರು. ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲು, ಬೇಳೆಕಾಳುಗಳ ಪ್ರೋಟೀನುಗಳನ್ನು ಅಭ್ಯಸಿಸಿ 1936ರಲ್ಲಿ ಎಂ.ಎಸ್‌ಸಿ. ಪಡೆದರು. ಅನಂತರವೇ ವಿದ್ಯಾರ್ಥಿವೇತನದ ಬಲದಿಂದ ಕೇಂಬ್ರಿಜ್ ಸೇರಿದರು. ಜೀವಕೋಶದ ಉಸಿರಾಟಕ್ಕೆ ಅಗತ್ಯವಾದ ಸೈಟೊಕ್ರೋಮ್ ಸಿ ಸಸ್ಯಗಳಲ್ಲಿಯೂ ಇದೆಯೆಂದು ತೋರಿಸಿ 1939ರಲ್ಲಿ ಡಾಕ್ಟರೇಟ್ ಗಳಿಸಿದರು. ಸ್ವದೇಶಕ್ಕೆ ಮರಳಿ, ಬಡವರ ಆಹಾರವಾದ ಕಾಳುಗಳನ್ನೂ ನೀರಾವನ್ನೂ ಕುರಿತು ಸಂಶೋಧಿಸಿದರು.

ಮೊದಲು ಖರ್ಚಿನ ಮಾತು. ಅಮೆರಿಕದಲ್ಲಿ ಈ ವಿಷಯದ ಪಿಎಚ್‌.ಡಿ. ವಿದ್ಯಾರ್ಥಿಗೆ ಸಾಮಾನ್ಯವಾಗಿ ಶುಲ್ಕದ ವಿನಾಯಿತಿಯೂ ಜೀವನವೇತನವೂ ದೊರೆಯುತ್ತವೆ. ಸ್ನಾತಕೋತ್ತರ ಪದವಿಯ ಖರ್ಚು ಮಾತ್ರ ಬಹುಮಟ್ಟಿಗೆ ಸ್ವಂತದ್ದು. ಈ ಭೇದವನ್ನರಿಯದೆ ಮನೆ ಅಡವಿಟ್ಟು ಸಾಲ ತೆಗೆಯುವವರಿದ್ದಾರೆ. ಓದುವ ಕಾಲದಲ್ಲಿಯೂ ಸಾಲದ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಕೊನೆಗೆ ಕಂತಿನ ಭಾರಕ್ಕೆ ವಿದ್ಯಾರ್ಥಿ ಸಿಕ್ಕಿದ ಉದ್ಯೋಗಕ್ಕೆ ಸೇರಿ ಸಂಶೋಧನೆಯನ್ನೇ ಕೈಬಿಡುವ ಸ್ಥಿತಿ ಬರುತ್ತದೆ.

ಪಿಎಚ್‌.ಡಿ.ಗೆ ಪ್ರವೇಶ ಬೇಕಾದರೆ ಹಣಕ್ಕಿಂತ ಮಿಗಿಲಾಗಿ ಬೇಕಾದುದು ಪ್ರಯೋಗಶಾಲೆಯ ಅನುಭವ. ಅದಕ್ಕೆ ಪುಣೆಯೇ ತಕ್ಕ ಊರು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಆ ಕಾಯಿಲೆಯ ವೈರಸನ್ನು ಕಂಡುಹಿಡಿದದ್ದು ಇದೇ ಊರಿನ ವೈರಸ್ ಸಂಶೋಧನಾ ಕೇಂದ್ರ. ಇಂದು ಅದು ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ. ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರವೂ ಐಸರ್ ಸಂಸ್ಥೆಯೂ ಇಲ್ಲಿಯೇ ಇವೆ. ಬೆಂಗಳೂರಿನ ವರ್ಷಗಳು ಕಮಲಾ ಅವರಿಗೆ ಕೊಟ್ಟ ಸಿದ್ಧತೆಯನ್ನು ಇಲ್ಲಿನ ಒಂದೆರಡು ವರ್ಷಗಳು ಇಂದಿನ ಯುವಕ ಯುವತಿಯರಿಗೆ ಕೊಡಬಲ್ಲವು.

ಸಂಬಳದ ವಿಷಯದಲ್ಲಿ ಸುಳ್ಳು ಭರವಸೆ ಸಲ್ಲದು. ಐದಾರು ವರ್ಷ ಜೀವನವೇತನ, ಬಳಿಕ ಇನ್ನೂ ಕೆಲವು ವರ್ಷ ತಾತ್ಕಾಲಿಕ ಹುದ್ದೆ. ಇಷ್ಟು ಕಾಲ ಮನೆಯವರು ಕಾಯಲೇಬೇಕು. ಮದುವೆಯ ಪ್ರಶ್ನೆಗೂ ಕಮಲಾ ಅವರ ಬಾಳೇ ಉತ್ತರ: 1947ರಲ್ಲಿ ವಿವಾಹವಾದ ಮೇಲೂ ಕೆಲಸ ಮುಂದುವರಿಸಿ ಮುಂಬಯಿಯ ವಿಜ್ಞಾನ ಸಂಸ್ಥೆಯ ನಿರ್ದೇಶಕಿಯಾದರು.

ಈ ಸಂಸ್ಥೆಗಳ ಅನುಭವವುಳ್ಳ ಸದಸ್ಯರನ್ನು ಕರೆಸಿ ಸಂಘವು ವರ್ಷಕ್ಕೊಂದು ದಿನ ವಿದ್ಯಾರ್ಥಿಗಳಿಗೂ ತಂದೆತಾಯಿಗಳಿಗೂ ಮಾರ್ಗದರ್ಶನ ಏರ್ಪಡಿಸುವುದು ಉಚಿತ. ಕನ್ನಡ ನಾಡಿನ ಪ್ರಯೋಗಶಾಲೆ ಅಂದು, ಅಳುಕಿನಿಂದಲಾದರೂ, ಮರಾಠಿ ಮನೆಯ ಮಗಳಿಗೆ ಬಾಗಿಲು ತೆರೆಯಿತು. ಮರಾಠಿ ನೆಲದಲ್ಲಿ ಬೆಳೆಯುತ್ತಿರುವ ಕನ್ನಡದ ಮಗಳು ಇಂದು ದಾಟಬೇಕಾದ ಮೊದಲ ಹೊಸ್ತಿಲು ತನ್ನ ಮನೆಯದೇ.