ಅಂತರ್ಮುಖಿ ಎಂಬ ಒಂದು ಮಾತು

ದೊಡ್ಡಆಲಹಳ್ಳಿಯಿಂದ ತಾಯಿಯೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಪದವಿಪೂರ್ವ ತರಗತಿಯಲ್ಲಿ ಓದುತ್ತಿರುವ ಅವರ ಮಗಳಿಗೆ ಕಾಲೇಜಿನಲ್ಲಿ ಪ್ರಶ್ನಾವಳಿಯೊಂದನ್ನು ಕೊಟ್ಟು ವ್ಯಕ್ತಿತ್ವ ಪರೀಕ್ಷೆ ನಡೆಸಿದರಂತೆ. ಫಲಿತಾಂಶ, 'ಅಂತರ್ಮುಖಿ'. ಶಿಕ್ಷಕಿಯಾಗಬೇಕೆಂಬುದು ಹುಡುಗಿಯ ಆಸೆ. "ನಾಲ್ಕು ಜನರೆದುರು ಬಾಯಿ ಬಿಡದವಳು ಪಾಠ ಹೇಳುವುದುಂಟೆ?" ಎಂದು ಯಜಮಾನರು ಆ ಯೋಚನೆಯನ್ನೇ ಬಿಡುವಂತೆ ಹೇಳಿದ್ದಾರೆ. "ಒಂದು ಕಾಗದ ನನ್ನ ಮಗಳ ಹಣೆಬರಹವಾಗಬೇಕೆ?" ಎಂಬುದು ತಾಯಿಯ ಪ್ರಶ್ನೆ. ಇದು ಹಲವು ಮನೆಗಳ ಪ್ರಶ್ನೆಯೂ ಆಗಿರುವುದರಿಂದ ಈ ತಿಂಗಳ ಪುಟವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಮನುಷ್ಯರ ಸ್ವಭಾವವನ್ನು ಹೇಳಲು ನಮ್ಮ ಮನೆಗಳಲ್ಲಿ ಮಾತುಗಳಿಗೆ ಕೊರತೆಯಿಲ್ಲ. ಮಿತಭಾಷಿ, ಮುಂಗೋಪಿ, ಸಂಕೋಚದವಳು, ಹಟಮಾರಿ, ಉದಾರಿ ಎಂದು ದಿನವೂ ಅಳೆಯುತ್ತಲೇ ಇರುತ್ತೇವೆ. ಮನಃಶಾಸ್ತ್ರಜ್ಞರೂ ಇಂಥ ಮಾತುಗಳಿಂದಲೇ ಹೊರಟರು. 1936ರಲ್ಲಿ ಅಮೆರಿಕದ ಆಲ್‌ಪೋರ್ಟ್ ಮತ್ತು ಆಡ್‌ಬರ್ಟ್ ಎಂಬವರು ಇಂಗ್ಲಿಷ್ ನಿಘಂಟನ್ನು ಜಾಲಾಡಿ ಮನುಷ್ಯರನ್ನು ಬಣ್ಣಿಸುವ ಸುಮಾರು 18,000 ಪದಗಳನ್ನು ಕಲೆಹಾಕಿದರು. ಅವುಗಳಲ್ಲಿ ಸ್ಥಿರವಾದ ಗುಣಗಳನ್ನು ಹೇಳುವಂಥವು ಸುಮಾರು 4,500. ಇಷ್ಟನ್ನು ಇಟ್ಟುಕೊಂಡು ಯಾರನ್ನು ತಾನೇ ಅಳೆಯಲಾದೀತು?

ದಾರಿ ತೋರಿದ್ದು ಗಣಿತ. ಹೆಚ್ಚು ಮಾತನಾಡುವವರು ಸಾಮಾನ್ಯವಾಗಿ ಜನಸಂಗವನ್ನೂ ಬಯಸುತ್ತಾರೆ. ಹೀಗೆ ಕೂಡಿಕೊಂಡೇ ಏರಿ ಇಳಿಯುವ ಲಕ್ಷಣಗಳನ್ನು ಒಂದೊಂದು ಗುಂಪಾಗಿಸುವ ಲೆಕ್ಕದ ಕ್ರಮಕ್ಕೆ ತಳಹದಿ ಹಾಕಿದವರು ಲಂಡನ್ನಿನ ಸ್ಪಿಯರ್‌ಮನ್. ಅವರ ಶಿಷ್ಯ ಕ್ಯಾಟೆಲ್ ಆ ಪದರಾಶಿಯನ್ನು 16 ಗುಣಗಳಿಗೆ ಇಳಿಸಿ 1949ರಲ್ಲಿ ಪ್ರಶ್ನಾವಳಿ ಹೊರತಂದರು. ಸ್ಪಿಯರ್‌ಮನ್ನರ ಇನ್ನೊಬ್ಬ ಶಿಷ್ಯರು ನಮ್ಮವರೇ. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಃಶಾಸ್ತ್ರ ವಿಭಾಗವನ್ನು ಕಟ್ಟಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು, 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ನಿಲಯ ಆರಂಭಿಸಿ ಅದಕ್ಕೆ 'ಆಕಾಶವಾಣಿ' ಎಂಬ ಹೆಸರನ್ನು ಬಳಕೆಗೆ ತಂದವರೂ ಅವರೇ. ಇಂದು ಬಹುಮಂದಿ ಸಂಶೋಧಕರು ಐದು ಮುಖ್ಯ ಗುಣಗಳನ್ನು ಒಪ್ಪುತ್ತಾರೆ: ಬಹಿರ್ಮುಖತೆ, ಸೌಹಾರ್ದ, ಕರ್ತವ್ಯನಿಷ್ಠೆ, ಮನಸ್ಸಿನ ಏರುಪೇರು ಮತ್ತು ಹೊಸತಿಗೆ ತೆರೆದ ಮನಸ್ಸು.

ಇಲ್ಲಿ ಎರಡು ಸಂಗತಿಗಳನ್ನು ತಂದೆತಾಯಿಗಳು ಮನಗಾಣಬೇಕು. ಮೊದಲನೆಯದು, ಗುಣವೆಂಬುದು ಕೋಣೆಯಲ್ಲ, ಅಳತೆಗೋಲು. ಎತ್ತರದಂತೆ ಅದೂ ಒಬ್ಬರಲ್ಲಿ ಹೆಚ್ಚು, ಒಬ್ಬರಲ್ಲಿ ಕಡಿಮೆ. ಬಹುಪಾಲು ಜನ ನಡುವಿನಲ್ಲೇ ಇರುತ್ತಾರೆ. ಎರಡನೆಯದು, ಅಂತರ್ಮುಖತೆ ಬೇರೆ, ಅಂಜಿಕೆ ಬೇರೆ. ಐಸೆಂಕ್ ಎಂಬ ವಿದ್ವಾಂಸರು 1947ರಲ್ಲೇ ಇವೆರಡನ್ನೂ ಪ್ರತ್ಯೇಕ ಅಳತೆಗಳಾಗಿ ಇಟ್ಟರು. ಏಕಾಂತವನ್ನು ಇಷ್ಟಪಡುವವರೆಲ್ಲರೂ ಜನರಿಗೆ ಹೆದರುವವರಲ್ಲ. ಬಹಳ ಮಾತನಾಡುವವರಲ್ಲೂ ಒಳಗೆ ನಡುಗುವವರುಂಟು.

ಪತ್ರ ಬರೆದ ತಾಯಿಯ ಮನೆಯಲ್ಲಿ ರೇಷ್ಮೆ ಸಾಕಣೆಯಿದೆ. ಆದ್ದರಿಂದ ಮುಂದಿನ ಮಾತು ಅವರಿಗೆ ನಮಗಿಂತ ಚೆನ್ನಾಗಿ ತಿಳಿದದ್ದು. ಹುಳು ಜ್ವರಕ್ಕೆ ಕೂತಾಗ ಸೊಪ್ಪು ಮುಟ್ಟುವುದಿಲ್ಲ, ತಲೆಯೆತ್ತಿ ಅಲುಗದೆ ಇರುತ್ತದೆ. ಆ ಒಂದು ದಿನ ಮಾತ್ರ ನೋಡಿದ ಹೊಸಬರು ಇದು ತಿನ್ನದ ಹುಳುವೆಂದು ತೀರ್ಮಾನಿಸಿಯಾರು. ನಾಲ್ಕು ಜ್ವರಗಳನ್ನು ಕಂಡ ಸಾಕಣೆಗಾರರು ಹಾಗೆ ಹೇಳುವರೆ? ಮಕ್ಕಳಲ್ಲಿಯೂ ಆ ಹೊತ್ತಿನ ಸ್ಥಿತಿ ಬೇರೆ, ನಿಂತ ಗುಣ ಬೇರೆ. ಪರೀಕ್ಷೆಯ ದಿನ ನಿದ್ರೆಗೆಟ್ಟಿದ್ದರೂ ಉತ್ತರ ಬದಲಾದೀತು.

ಅಮೆರಿಕದಲ್ಲಿ ಹಾರ್ಟ್‌ಶೋರ್ನ್ ಮತ್ತು ಮೇ ಎಂಬವರು ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳ ಪ್ರಾಮಾಣಿಕತೆಯನ್ನು ಪರೀಕ್ಷಿಸಿ 1928ರಲ್ಲಿ ವರದಿ ಪ್ರಕಟಿಸಿದರು. ತರಗತಿಯಲ್ಲಿ ನಕಲು ಮಾಡಿದ ಮಗು ಆಟದಲ್ಲಿಯೂ ಮೋಸ ಮಾಡುವುದೆಂದು ಹೇಳಲಾಗದೆಂಬುದು ಅವರು ಕಂಡ ಸಂಗತಿ. ಒಂದು ಸಂದರ್ಭದ ನಡತೆ ಇನ್ನೊಂದಕ್ಕೆ ಸಾಕ್ಷಿಯಲ್ಲ. ಹಾಗಾದರೆ ಗುಣವೆಂಬುದೇ ಸುಳ್ಳೇ? ಅಲ್ಲ. 1979ರಲ್ಲಿ ಎಪ್‌ಸ್ಟೈನ್ ಎಂಬವರು, ಹಲವು ದಿನಗಳ ನಡತೆಯನ್ನು ಒಟ್ಟುಗೂಡಿಸಿ ಸರಾಸರಿ ತೆಗೆದರೆ ಗುಣದ ಸ್ಥಿರತೆ ಸ್ಪಷ್ಟವಾಗಿ ಕಾಣುವುದೆಂದು ತೋರಿಸಿದರು. ಒಂದೇ ಗೂಡನ್ನು ಕೈಯಲ್ಲಿ ಹಿಡಿದು ಇಡೀ ಬೆಳೆಗೆ ಬೆಲೆ ಕಟ್ಟುವವರಿಲ್ಲವಷ್ಟೆ.

ಇನ್ನೊಂದು ಮಾತು. ಪ್ರಶ್ನಾವಳಿ ಅಳೆಯುವುದು ವ್ಯಕ್ತಿ ತನ್ನ ಬಗ್ಗೆ ತಾನೇ ಹೇಳಿಕೊಂಡದ್ದನ್ನು, ಅಂದರೆ ನುಡಿಯನ್ನು. ನಡೆಯನ್ನು ಕಾಣುವವರು ಜೊತೆಯಲ್ಲಿ ಬಾಳುವವರು. ಆದ್ದರಿಂದಲೇ ಎಚ್ಚರಿಕೆಯುಳ್ಳ ಪರೀಕ್ಷಕರು ಬಲ್ಲವರ ಅಭಿಪ್ರಾಯವನ್ನೂ ಕೇಳುತ್ತಾರೆ. ನಡೆನುಡಿಗಳೆರಡನ್ನೂ ನೋಡಬೇಕೆಂಬುದು ನಮ್ಮ ಮನೆಗಳಿಗೆ ಹೊಸ ಪಾಠವೇನೂ ಅಲ್ಲ.

ಆ ತಾಯಿ ಪತ್ರದ ಕೊನೆಯಲ್ಲಿ, ಬೇರೇನನ್ನೋ ಹೇಳುವಾಗ, ಒಂದು ಸಾಲು ಬರೆದಿದ್ದಾರೆ. ಸಂಜೆ ಸೊಪ್ಪು ಹಾಕಿ ಮುಗಿದ ಮೇಲೆ ನೆರೆಮನೆಯ ಐದಾರು ಮಕ್ಕಳು ಜಗುಲಿಗೆ ಬರುತ್ತಾರೆ; ಮಗಳು ಅವರಿಗೆ ಮಗ್ಗಿ, ಲೆಕ್ಕ ಹೇಳಿಕೊಡುತ್ತಾಳೆ; ತಿಳಿಯದ ಮಗುವಿಗೆ ಮೂರು ಸಲ ಹೇಳಿದರೂ ಬೇಸರಿಸುವುದಿಲ್ಲ. ಇದು ಎರಡು ವರ್ಷದಿಂದ ನಡೆದಿದೆಯಂತೆ. ಅರ್ಧ ಗಂಟೆಯ ಕಾಗದವನ್ನೂ ಎರಡು ವರ್ಷದ ಜಗುಲಿಯನ್ನೂ ತಕ್ಕಡಿಯಲ್ಲಿಟ್ಟರೆ ಯಾವುದು ತೂಗುತ್ತದೆ?

ಯಜಮಾನರಲ್ಲಿ ನಮ್ಮ ವಿನಂತಿ ಇಷ್ಟೆ. ಒಂದು ಸಂಜೆ ಆ ಜಗುಲಿಯ ಪಕ್ಕದಲ್ಲಿ ಸದ್ದಿಲ್ಲದೆ ಕುಳಿತು ಕೇಳಿರಿ. ಆಮೇಲೆ ತೀರ್ಮಾನ ನಿಮ್ಮದು.